ಕ್ಲೇರ್ ಕೌಂಟಿಯಲ್ಲಿ ವಂಶದ ಜಾಡು ಹುಡುಕಲು ಹೊರಟವರಿಗೆ

ಐರ್ಲೆಂಡ್‌ನ ಕ್ಲೇರ್ ಕೌಂಟಿಗೆ ಬರುವವರಲ್ಲಿ ಹೆಚ್ಚಿನವರು ಮೋಹರ್ ಬಂಡೆಗಳನ್ನು ನೋಡಿ ಸಂಜೆಯೇ ಬಸ್ ಹತ್ತುತ್ತಾರೆ. ನಾವು ಹೋಗಿದ್ದು ಬೇರೆ ಕೆಲಸಕ್ಕೆ. ಜೊತೆಗಿದ್ದ ಅಮೆರಿಕದ ಗೆಳೆಯನ ಹಿರಿಯರು ಕೊರೊಫಿನ್ ಎಂಬ ಸಣ್ಣ ಊರಿನ ಸುತ್ತಮುತ್ತಲಿನವರು. ಅವರ ಜಾಗ ಹುಡುಕಬೇಕಿತ್ತು. ಐರಿಶ್ ಮೂಲದ ಸ್ನೇಹಿತರೋ ಅಳಿಯ, ಸೊಸೆಯೋ ಇರುವ ಕನ್ನಡಿಗರು ಈಗ ಕಮ್ಮಿಯೇನಲ್ಲ. ಅಂಥವರಿಗೆ ಈ ಮಾಹಿತಿ ಉಪಯೋಗಕ್ಕೆ ಬರಬಹುದು.

ಬರೀ ಮನೆತನದ ಹೆಸರು ಹಿಡಿದು ಹೊರಡಬೇಡಿ. ಓ'ಬ್ರಿಯನ್, ಮ್ಯಾಕ್‌ನಮಾರ ಅಂದರೆ ಅರ್ಧ ಕೌಂಟಿಯೇ ಎದ್ದು ನಿಲ್ಲುತ್ತದೆ. ಗೊತ್ತಿರಬೇಕಾದ್ದು ಟೌನ್‌ಲ್ಯಾಂಡ್, ಅಂದರೆ ಒಂದಷ್ಟು ಹೊಲ, ನಾಲ್ಕಾರು ಮನೆ ಇರುವ ಚಿಕ್ಕ ಜಾಗ. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಜಾಸ್ತಿ ಇವೆ. ಹಳ್ಳಿಗಾಡಿನ ತೆರಿಗೆ, ಜನಗಣತಿಯ ದಾಖಲೆಗಳನ್ನೆಲ್ಲ ಟೌನ್‌ಲ್ಯಾಂಡ್ ಲೆಕ್ಕದಲ್ಲೇ ಬರೆದಿದ್ದಾರೆ.

ಈ ಹುಡುಕಾಟ ಮನೆಯಲ್ಲಿ ಕೂತೇ ಮುಗಿಸಿ. 1901 ಮತ್ತು 1911ರ ಜನಗಣತಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 1911ರದ್ದು ಬಹಳ ಒಳ್ಳೆಯದು. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಅಂತ ಹೆಂಗಸರ ಮುಂದೆ ಬರೆದಿರುತ್ತದೆ. ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ. 1909ರಲ್ಲಿ 70 ದಾಟಿದವರಿಗೆ ಪಿಂಚಣಿ ಶುರುವಾಯಿತು ನೋಡಿ, ಎರಡು ಜನಗಣತಿಗಳ ನಡುವಿನ ಹತ್ತೇ ವರ್ಷದಲ್ಲಿ ಕೆಲವರ ವಯಸ್ಸು ಹದಿನೈದು ವರ್ಷ ಏರಿಬಿಟ್ಟಿದೆ! 1901ಕ್ಕಿಂತ ಹಿಂದಿನ ಜನಗಣತಿ ಬಹುತೇಕ ಉಳಿದಿಲ್ಲ. 1821ರಿಂದ 1851ರವರೆಗಿನದು 1922ರಲ್ಲಿ ಡಬ್ಲಿನ್‌ನ ದಾಖಲೆಗಳನ್ನು ಇಟ್ಟಿದ್ದ ಫೋರ್ ಕೋರ್ಟ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹೋಯಿತು. 1861ರಿಂದ 1891ರವರೆಗಿನದನ್ನು ಸರ್ಕಾರವೇ ನಾಶ ಮಾಡಿತ್ತು.

ಹಾಗಾಗಿ ಆಧಾರ ಗ್ರಿಫಿತ್ ವ್ಯಾಲ್ಯುಯೇಶನ್, ಅಂದರೆ ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಪಟ್ಟಿ. ಕ್ಲೇರ್‌ನದು 1855ರದು. ಯಾರು ಉಳುತ್ತಿದ್ದರು, ಜಮೀನುದಾರ ಯಾರು, ಎಷ್ಟು ಎಕರೆ ಎಲ್ಲ ಅದರಲ್ಲಿದೆ. ಅದರ ನಂಬರನ್ನು ಹಳೆಯ ನಕ್ಷೆಯಲ್ಲಿ ಹುಡುಕಿದರೆ ಹೊಲವೇ ಸಿಗುತ್ತದೆ. ಹೆಸರು ಇಲ್ಲದಿದ್ದರೆ 1840ರ ದಶಕದ ಭೀಕರ ಬರಗಾಲದ ನೆನಪಿರಲಿ. 1841ರಲ್ಲಿ ಸುಮಾರು 2.86 ಲಕ್ಷ ಇದ್ದ ಕ್ಲೇರ್ ಜನಸಂಖ್ಯೆ 1851ಕ್ಕೆ 2.12 ಲಕ್ಷಕ್ಕೆ ಇಳಿದಿತ್ತು. ಕ್ಲೇರ್ ಕೌಂಟಿ ಲೈಬ್ರರಿಯ ವೆಬ್‌ಸೈಟ್‌ನಲ್ಲಿ ಗ್ರಿಫಿತ್ ಪಟ್ಟಿಯೂ ಇದೆ, ಹಲವು ಸ್ಮಶಾನಗಳ ಕಲ್ಲಿನ ಬರಹವೂ ಇದೆ.

ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ರೈತರ ಮನೆ ಮುಂದೆಯೂ ವಂಶ ಹೇಳುತ್ತಿದ್ದರು. ಇಲ್ಲಿ ಮ್ಯಾಕ್‌ಬ್ರೋಡಿ ಮನೆತನದವರು ತಲೆಮಾರುಗಟ್ಟಲೆ ಇತಿಹಾಸ ಬರೆದಿದ್ದು ಓ'ಬ್ರಿಯನ್ ದೊರೆಗಳಿಗಾಗಿ. ಅದಕ್ಕೇ ದೊರೆಗಳ ವಂಶ 1014ರಲ್ಲಿ ಸತ್ತ ಐರಿಶ್ ರಾಜ ಬ್ರಿಯನ್ ಬೋರುವರೆಗೂ ಹೋಗುತ್ತದೆ, ಗೇಣಿದಾರರದ್ದು ಸಾಮಾನ್ಯವಾಗಿ 1800ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಗೆಳೆಯನದ್ದೂ ಅಲ್ಲಿಗೇ ನಿಂತಿತು.

ಕೊರೊಫಿನ್‌ನಲ್ಲಿ ಹಳೆಯ ಚರ್ಚ್ ಒಂದರಲ್ಲಿ ಹೆರಿಟೇಜ್ ಮ್ಯೂಸಿಯಂ ಇದೆ. ವಂಶಾವಳಿ ಹುಡುಕಿಕೊಡುವ ಕೇಂದ್ರವೂ ಅದೇ ಊರಲ್ಲಿದೆ, ದುಡ್ಡು ಕೊಡಬೇಕು. ತೆರೆದಿರುವ ದಿನ ಮೊದಲೇ ವಿಚಾರಿಸಿ. ಅಲ್ಲಿಂದ ಕಿಲ್‌ಫೆನೋರಾ ರಸ್ತೆ ಹಿಡಿದರೆ ಕಿಲ್ನಬಾಯ್‌ನ ಪಾಳು ಚರ್ಚು, ಮುಂದೆ ಲೆಮನೇ ಕೋಟೆ. ಕೋಟೆಯ ಒಡತಿ ಮಾಯ್ರ ರುವಾ. 1651ರಲ್ಲಿ ಗಂಡ ಕಾನರ್ ಓ'ಬ್ರಿಯನ್ ಇಂಗ್ಲೆಂಡಿನ ಕ್ರಾಮ್‌ವೆಲ್ ಸೈನ್ಯದ ವಿರುದ್ಧ ಹೋರಾಡಿ ಸತ್ತ. ಆಮೇಲೆ ಅದೇ ಸೈನ್ಯದ ಅಧಿಕಾರಿಯೊಬ್ಬನನ್ನು ಈಕೆ ಮದುವೆಯಾದಳು. ಆಸ್ತಿ ಮಗನಿಗೆ ಉಳಿಯಿತು. ಗಟ್ಟಿ ಹೆಂಗಸು ಅಲ್ವಾ? ಕೋಟೆ ಇರುವುದು ಖಾಸಗಿ ಜಮೀನಿನಲ್ಲಿ, ರಸ್ತೆಯಿಂದಲೇ ನೋಡಿ.

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಇಲ್ಲಿ ನಡೆಯಲ್ಲ, ಐರ್ಲೆಂಡ್‌ನದೇ ಬೇಕು. ಬ್ರಿಟನ್ ವೀಸಾದ ಮೇಲೆ ಬಿಐವಿಎಸ್ (ಎರಡೂ ದೇಶಕ್ಕೆ ಒಂದೇ ವೀಸಾ ನಡೆಯುವ ಬ್ರಿಟಿಷ್-ಐರಿಶ್ ವ್ಯವಸ್ಥೆ) ಅಂತ ಮುದ್ರೆ ಇದ್ದರೆ, ಮೊದಲು ಬ್ರಿಟನ್‌ಗೆ ಇಳಿದು ಆಮೇಲೆ ಬರಬಹುದು. ಶಾನನ್ ವಿಮಾನ ನಿಲ್ದಾಣ ಇದೇ ಕೌಂಟಿಯಲ್ಲಿದೆ. ಕೌಂಟಿಯ ಮುಖ್ಯ ಊರು ಎನಿಸ್‌ವರೆಗೆ ರೈಲೂ ಬರುತ್ತದೆ. ಮುಂದಕ್ಕೆ ಕಾರು ಬಾಡಿಗೆಗೆ ತಗೊಳ್ಳಿ, ಹಳ್ಳಿಗಳಿಗೆ ಬಸ್ಸು ಅಪರೂಪ. ಗಾಡಿ ಎಡಕ್ಕೇ ಓಡಿಸುವುದು, ಆದರೆ ರಸ್ತೆ ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ. ಸ್ಮಶಾನದ ಹುಲ್ಲು ಬೇಸಿಗೆಯಲ್ಲೂ ಒದ್ದೆ ಇರುತ್ತದೆ, ನೀರು ಇಳಿಯದ ಬೂಟು ಹಾಕಿಕೊಳ್ಳಿ. ಕಲ್ಲಿನ ಮೇಲಿನ ಪಾಚಿಯನ್ನು ಬ್ರಷ್‌ನಿಂದ ಕೆರೆಯಬೇಡಿ, ಅಕ್ಷರವೇ ಎದ್ದುಹೋಗುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟರೆ ಸವೆದ ಹೆಸರೂ ಓದಲು ಬರುತ್ತದೆ.