ಗೋಧಿ ಇಲ್ಲದ ಖಾರ ಬನ್ನು: ಜೂನ್‌ನಿಂದ ಇಲ್ಲಿವರೆಗೆ

ಜೂನ್, ಮೊದಲ ವಾರ

ಶಾಲೆ ಶುರುವಾಯಿತು. ಪುಟ್ಟಿಯ ಡಬ್ಬಿಗೆ ಏನು ಹಾಕುವುದು ಅನ್ನುವ ತಲೆನೋವೂ ಶುರುವಾಯಿತು. ಅವಳಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಗಿದ್ದು ಮಾರ್ಚ್‌ನಲ್ಲಿ. ಅದಕ್ಕೆ ಮೊದಲು ಎರಡು ವರ್ಷ ಹೊಟ್ಟೆ ಉಬ್ಬರ, ರಕ್ತ ಕಡಿಮೆ, ತೂಕ ಏರುವುದೇ ಇಲ್ಲ. ಜಂತುಹುಳದ ಮಾತ್ರೆ ಕೊಟ್ಟಿದ್ದೇ ಕೊಟ್ಟಿದ್ದು. ಕೊನೆಗೆ ಒಬ್ಬ ಡಾಕ್ಟರ್ ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು, ಆಮೇಲೆ ಎಂಡೋಸ್ಕೋಪಿ ಆಯಿತು. ಔಷಧಿ ಇಲ್ಲ. ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡಬೇಕು, ಅಷ್ಟೇ.

ಹಾಸನದ ಮನೆಯಲ್ಲಿ ಊಟಕ್ಕೆ ಅಂಥ ಕಷ್ಟ ಏನಿಲ್ಲ. ಮುದ್ದೆ, ಅನ್ನ, ಇಡ್ಲಿ, ಅಕ್ಕಿ ರೊಟ್ಟಿ ಇದ್ದೇ ಇವೆ. ಚಪಾತಿ, ರವೆ ಉಪ್ಪಿಟ್ಟು ಹೋದವು, ಹೋಗಲಿ. ಆದರೆ ನಮ್ಮದು ಬೇಕರಿ ಮನೆ. ಭಾವ ಇಪ್ಪತ್ತು ವರ್ಷದಿಂದ ಬೇಕರಿ ನಡೆಸುತ್ತಿದ್ದಾರೆ. ಸಂಜೆ ನಾಲ್ಕೂವರೆಗೆ ಭಟ್ಟಿಯಿಂದ ಖಾರ ಬನ್ನು ಹೊರಗೆ ಬರುವಾಗ ಪುಟ್ಟಿ ಅಲ್ಲಿ ನಿಂತಿರುತ್ತಿದ್ದಳು. ಈಗ ನಾವೇ ಆ ಹೊತ್ತಿಗೆ ಅವಳನ್ನು ಆ ಬೀದಿಗೆ ಕರೆದುಕೊಂಡು ಹೋಗುವುದಿಲ್ಲ.

ಅತ್ತೆಗೆ ಇನ್ನೂ ನಂಬಿಕೆ ಬಂದಿಲ್ಲ. "ಗೋಧಿ ತಿಂದ್ರೆ ಯಾರಿಗಾದ್ರೂ ಕಾಯಿಲೆ ಬರುತ್ತೇನೇ?" ಅಂತ ದಿನಕ್ಕೊಂದು ಸಲ ಕೇಳುತ್ತಾರೆ. ಅವರಿಗೆ ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ ಅವರ ಕಥೆ ಹೇಳಿದೆ. 1944ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡೇ ಸಿಗಲಿಲ್ಲ. ಊರೆಲ್ಲ ಹಸಿದಿತ್ತು, ಆದರೆ ಈ ಕಾಯಿಲೆ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಮತ್ತೆ ಬ್ರೆಡ್ ಬಂದಾಗ ಮತ್ತೆ ಮಲಗಿದರು. ಅತ್ತೆ ಸುಮ್ಮನೆ ಕೇಳಿಸಿಕೊಂಡರು. ಮಾರನೇ ದಿನ ಚಪಾತಿ ಲಟ್ಟಣಿಗೆಯನ್ನು ತಾವೇ ಅಟ್ಟಕ್ಕೆ ಹಾಕಿದರು.

ಮೊದಲ ಬ್ರೆಡ್: ಅಂಗಡಿ ಅಕ್ಕಿ ಹಿಟ್ಟು, ಈಸ್ಟ್, ಸಕ್ಕರೆ, ಉಪ್ಪು, ಎಣ್ಣೆ. ಉಬ್ಬಿತು. ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಒಲೆ) ಹತ್ತೇ ನಿಮಿಷಕ್ಕೆ ಕುಸಿಯಿತು. ಹೊರಗೆ ಬಂದಿದ್ದು ಇಟ್ಟಿಗೆ. ಮುರಿದು ಕಾಗೆಗೆ ಹಾಕಿದೆ, ಕಾಗೆಯೂ ಮುಟ್ಟಲಿಲ್ಲ. ಅದಕ್ಕೆ ಅತ್ತೆಯ ಹತ್ತಿರ ಬೇರೆ ಬೈಸಿಕೊಂಡೆ.

ಜೂನ್, ಕೊನೆ

ಭಾವ ಬಂದು ಎರಡನೇ ಇಟ್ಟಿಗೆ ನೋಡಿದರು. "ನೋಡಮ್ಮ, ಮೈದಾದಲ್ಲಿ ನಾರು ನಾರಾಗಿ ಒಂದು ಬಲೆ ಆಗುತ್ತೆ. ಈಸ್ಟ್ ಬಿಡೋ ಗಾಳಿನ ಅದು ಹಿಡ್ಕೊಳ್ಳುತ್ತೆ. ನಿನ್ನ ಹಿಟ್ಟಲ್ಲಿ ಹಿಡ್ಕೊಳ್ಳೋಕೆ ಯಾರಿದ್ದಾರೆ?" ಅಂದರು. ಗೋಧಿಯಲ್ಲಿರುವ ಗ್ಲುಟೆನ್ ಅಂದರೆ ಆ ಬಲೆಯೇ, ಪುಟ್ಟಿಗೆ ಆಗದಿರುವುದೂ ಅದೇ.

ಸರಿ, ಬಲೆ ಹುಡುಕೋಣ. ಮೊದಲು ಜಾಂಥನ್ ಗಮ್ ಅನ್ನುವ ಅಂಟು ಪುಡಿ ತರಿಸಿದೆ. ಒಂದು ಚಮಚ ಜಾಸ್ತಿಯಾಯಿತು ಅಂತ ಕಾಣುತ್ತದೆ, ಬ್ರೆಡ್ ಬಾಯಲ್ಲಿ ಗೋಂದಿನ ಹಾಗೆ ಅಂಟಿತು. ಆಮೇಲೆ ಇಸಬ್ಗೋಲ್ ಹಾಕಿದೆ. ಹೌದು, ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ ಅದೇ ಹೊಟ್ಟು. ನೀರಿಗೆ ಹಾಕಿದರೆ ಐದು ನಿಮಿಷಕ್ಕೆ ಲೋಳೆ ಗಟ್ಟಿಯಾಗುತ್ತದೆ. ಇದರಿಂದ ಹಿಟ್ಟು ಮೊದಲ ಸಲ ಕೈಗೆ ಹಿಟ್ಟಿನ ಹಾಗೆ ಸಿಕ್ಕಿತು. ಆದರೆ ಪುಡಿ ಮಾಡಿದ್ದು ತಂದಿದ್ದೆ. ಬೆಂದ ಮೇಲೆ ಬ್ರೆಡ್ಡಿನ ಒಳಗೆಲ್ಲ ನೇರಳೆ ಬಣ್ಣ! ಪುಟ್ಟಿಗೆ ಖುಷಿ, ನನಗೆ ಗಾಬರಿ. ಬ್ರ್ಯಾಂಡ್ ಬದಲಾಯಿಸಿ, ಪುಡಿಯ ಬದಲು ಇಡೀ ಹೊಟ್ಟು ಹಾಕಿದ ಮೇಲೆ ಬಣ್ಣ ಹೋಯಿತು.

ಜುಲೈ

ಹಿಟ್ಟಿನ ತಿಂಗಳು. ಬರೀ ಹಿಟ್ಟು.

ಬೀದಿಯ ಮಿಲ್ಲಿಗೆ ಅಕ್ಕಿ, ಜೋಳ ಕೊಡುವಂತಿಲ್ಲ. ನಮ್ಮ ಮುಂದಿನವರು ಗೋಧಿ ಬೀಸಿಸಿರುತ್ತಾರೆ, ಕಲ್ಲಿನಲ್ಲಿ ಉಳಿದಿದ್ದು ನಮ್ಮ ಹಿಟ್ಟಿಗೆ ಬರುತ್ತದೆ. ಹಾಗಾಗಿ ಎಲ್ಲ ಮನೆಯಲ್ಲೇ. ಮಿಕ್ಸಿಯಲ್ಲಿ ಒಣ ಅಕ್ಕಿ ಪುಡಿ ಮಾಡಿದರೆ ಬ್ರೆಡ್ ತಿನ್ನುವಾಗ ಮರಳು ಮರಳು. ಕಜ್ಜಾಯಕ್ಕೆ ಮಾಡುವ ಹಾಗೆ ನೆನೆಸಿ, ಬಟ್ಟೆ ಮೇಲೆ ನೆರಳಲ್ಲಿ ಆರಿಸಿ, ಸ್ವಲ್ಪ ತೇವ ಇರುವಾಗಲೇ ಪುಡಿ ಮಾಡಿ ಜರಡಿ ಹಿಡಿದರೆ ಎಷ್ಟು ನಯ ಅಂದರೆ, ಪೌಡರ್ ಇದ್ದ ಹಾಗೆ.

ಆದರೆ ಇಲ್ಲೊಂದು ಪೆಟ್ಟು ತಿಂದೆ. ತೇವದ ಹಿಟ್ಟಿನಲ್ಲೇ ಕಾಲು ಭಾಗ ನೀರು ಇರುತ್ತದೆ. ಅದನ್ನು ಒಣ ಹಿಟ್ಟು ಅಂತ ತೂಗಿ, ಮೇಲೆ ಪೂರ್ತಿ ನೀರು ಹಾಕಿದೆ. ಎರಡು ಬ್ರೆಡ್ ಒಳಗೆ ಹಲ್ವಾ ಆಯಿತು. ಈಗ ಪುಡಿ ಮಾಡಿದ ಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಒಣಗಿಸಿ ಡಬ್ಬಿಗೆ ತುಂಬುತ್ತೇನೆ.

ಬರೀ ಅಕ್ಕಿ ಸಾಲದು, ಒಣಕಲಾಗುತ್ತದೆ. ಸ್ವಲ್ಪ ಜೋಳ, ಸ್ವಲ್ಪ ಮರಗೆಣಸಿನ ಪಿಷ್ಟ. ಸಬ್ಬಕ್ಕಿಯೂ ಮರಗೆಣಸೇ ಅಲ್ವಾ ಅಂತ ಅದನ್ನೇ ಪುಡಿ ಮಾಡಿ ಹಾಕಿದೆ. ಅಂಟಂಟಾಯಿತು. ಸಬ್ಬಕ್ಕಿ ಮಾಡುವಾಗಲೇ ಅದು ಅರ್ಧ ಬೆಂದಿರುತ್ತದೆ, ಹಸಿ ಪಿಷ್ಟದ ಕೆಲಸ ಮಾಡುವುದಿಲ್ಲ. ರಾಗಿ ಹಾಕಿದ ಬ್ರೆಡ್ ಮನೆಯಲ್ಲಿ ಯಾರೂ ಇಷ್ಟಪಡಲಿಲ್ಲ. ರಾಗಿಯನ್ನು ಬಿಸ್ಕತ್ತಿಗೆ ಎತ್ತಿಟ್ಟೆ.

ಬಿಸ್ಕತ್ತು, ಅಂದಹಾಗೆ, ಮೂರನೇ ಸಲಕ್ಕೇ ಚೆನ್ನಾಗಿ ಬಂತು. ಬಿಸ್ಕತ್ತಿಗೆ ಬಲೆ ಬೇಕಾಗಿಲ್ಲ. ಹುರಿದ ರಾಗಿ ಹಿಟ್ಟು 200 ಗ್ರಾಂ, ಅಕ್ಕಿ ಹಿಟ್ಟು 50, ಬೆಣ್ಣೆ 120, ಸಕ್ಕರೆ ಪುಡಿ 100, ಎರಡು ಚಮಚ ಹಾಲು, ಏಲಕ್ಕಿ. ಕಲಸಿ ಅರ್ಧ ಗಂಟೆ ಬಿಡಬೇಕು, ರಾಗಿ ನಿಧಾನವಾಗಿ ನೀರು ಕುಡಿಯುತ್ತದೆ. ಬಿಡದಿದ್ದರೆ ಕೈಯಲ್ಲೇ ಪುಡಿಪುಡಿ.

ಜುಲೈ, ಕೊನೆ

ಒಲೆಯ ತಪ್ಪಲ್ಲ, ಊರಿನ ತಪ್ಪು!

ಎಲ್ಲೋ ಓದಿದ್ದೆ: ಗ್ಲುಟೆನ್ ಇಲ್ಲದ ಬ್ರೆಡ್ ಒಳಗೆ 99 ಡಿಗ್ರಿ ಆಗುವವರೆಗೆ ಬೇಯಬೇಕು ಅಂತ. ಥರ್ಮಾಮೀಟರ್ ಚುಚ್ಚಿ ಕಾದೆ. 96 ಆಯಿತು, ಅಲ್ಲೇ ನಿಂತಿತು. ಇನ್ನೂ ಹತ್ತು ನಿಮಿಷ, ಇನ್ನೂ ಹತ್ತು. ಮೇಲಿನ ಸಿಪ್ಪೆ ಮರದ ತೊಗಟೆಯಾಯಿತು, ಒಳಗೆ ಅದೇ 96. ಥರ್ಮಾಮೀಟರ್ ಕೆಟ್ಟಿದೆ ಅಂತ ಕುದಿಯುವ ನೀರಿಗೆ ಹಾಕಿದೆ. ನೀರೇ 97ಕ್ಕೆ ಕುದಿಯುತ್ತಿತ್ತು! ಹಾಸನ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ, ನೀರು ತುಂಬಿದ ಬ್ರೆಡ್ ಅದಕ್ಕಿಂತ ಹೇಗೆ ಬಿಸಿಯಾದೀತು? ಈಗ 95 ಆದ ಮೇಲೆ ಹತ್ತು ನಿಮಿಷ ಬಿಟ್ಟು ತೆಗೆಯುತ್ತೇನೆ. ಬೆಂಗಳೂರು, ಮೈಸೂರಿನವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಮಂಗಳೂರಿನವರು ಆರಾಮಾಗಿ 99 ನೋಡಬಹುದು.

ಆಗಸ್ಟ್

ಸಕಲೇಶಪುರಕ್ಕೆ ತವರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತಿದ್ದಳು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಸುರಿದು, ಮುಚ್ಚಿಟ್ಟು, ಆಮೇಲೆ ಬಿಸಿ ಇರುವಾಗಲೇ ನಾದುವುದು. ಆ ಹಿಟ್ಟಿನಿಂದ ಕಾಗದದಷ್ಟು ತೆಳ್ಳಗೆ ತಟ್ಟಿದರೂ ರೊಟ್ಟಿ ಹರಿಯುವುದಿಲ್ಲ. ಅದೇ ಹಿಟ್ಟು ತಣ್ಣೀರಲ್ಲಿ ಕಲಸಿದರೆ ತುಂಡುತುಂಡು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಎರಡು ತಿಂಗಳಿಂದ ಬಲೆ ಎಲ್ಲಿ, ಬಲೆ ಎಲ್ಲಿ ಅಂತ ಹುಡುಕುತ್ತಿದ್ದವಳಿಗೆ ಆವತ್ತು ನಗು ಬಂತು.

ಮನೆಗೆ ಬಂದವಳೇ ಒಟ್ಟು ಅಕ್ಕಿ ಹಿಟ್ಟಿನಲ್ಲಿ 60 ಗ್ರಾಂ ತೆಗೆದು 180 ಮಿಲಿ ನೀರಲ್ಲಿ ಅಂಬಲಿಯ ಹಾಗೆ ಕಾಯಿಸಿದೆ. ಕೈ ಬೆಚ್ಚಗಾಗುವಷ್ಟು ಆರಿದ ಮೇಲೆ ಉಳಿದ ಹಿಟ್ಟಿಗೆ ಸೇರಿಸಿದೆ. ಬಿಸಿ ಇರುವಾಗ ಸೇರಿಸಿದರೆ ಈಸ್ಟ್ ಸಾಯುತ್ತದೆ. ಆವತ್ತಿನ ಬ್ರೆಡ್ ಮೊದಲ ಸಲ ಮಡಚಿದರೆ ಮುರಿಯಲಿಲ್ಲ. ಮಾರನೇ ದಿನವೂ ಮೆತ್ತಗಿತ್ತು. ಇಸಬ್ಗೋಲ್ 25 ಗ್ರಾಂ ಹಾಕುತ್ತಿದ್ದವಳು 18ಕ್ಕೆ ಇಳಿಸಿದೆ.

ಇನ್ನೂ ಹಗುರ ಬರಬೇಕಿತ್ತು. ತವರಿನ ಪಾಠ ಸಿಕ್ಕ ಮೇಲೆ ಎರಡನೆಯದು ಹೊಳೆಯಲು ತಡವಾಗಲಿಲ್ಲ. ಇಡ್ಲಿಯಲ್ಲಿ ಗೋಧಿ ಎಲ್ಲಿದೆ? ಆದರೂ ಉಬ್ಬುತ್ತದೆ, ನಿಲ್ಲುತ್ತದೆ. ಗಾಳಿ ಹಿಡಿಯುವುದು ಉದ್ದು. 40 ಗ್ರಾಂ ಉದ್ದಿನಬೇಳೆ ಮೂರು ಗಂಟೆ ನೆನೆಸಿ, ತಣ್ಣೀರು ಚಿಮುಕಿಸುತ್ತಾ ನೊರೆ ನೊರೆಯಾಗಿ ರುಬ್ಬಿದೆ. ಒಂದು ಹನಿ ನೀರಿಗೆ ಹಾಕಿದರೆ ತೇಲಬೇಕು, ವಡೆಗೆ ನೋಡುವ ಅದೇ ಪರೀಕ್ಷೆ. ಹಿಟ್ಟಿಗೆ ಕೊನೆಯಲ್ಲಿ ಮೆಲ್ಲಗೆ ಬೆರೆಸಿದೆ.

ಅಚ್ಚಿನ ಅಂಚಿನವರೆಗೆ ಎದ್ದಿತು! ಬೆಂದ ಮೇಲೂ ಕುಸಿಯಲಿಲ್ಲ. ಕೊಯ್ದರೆ ಒಳಗೆ ಸಣ್ಣ ಸಣ್ಣ ಕಣ್ಣು.

ಪುಟ್ಟಿ ಮೂಗಿನ ಹತ್ತಿರ ಹಿಡಿದಳು. "ಅಮ್ಮ, ಇದು ದೋಸೆ."

ದೋಸೆ ವಾಸನೆ ಹೌದು. ಜಾಮ್ ಹಚ್ಚಿದ ದೋಸೆ ಯಾರಿಗೆ ಬೇಕು?

ಸೆಪ್ಟೆಂಬರ್

ಉದ್ದು ಕಡಿಮೆ ಮಾಡಿದರೆ ಬ್ರೆಡ್ ಕೂರುತ್ತದೆ, ಜಾಸ್ತಿ ಮಾಡಿದರೆ ದೋಸೆ. ಎರಡು ವಾರ ಗ್ರಾಂ ಲೆಕ್ಕದಲ್ಲೇ ಹೋಯಿತು. ಕೊನೆಗೆ ಅತ್ತೆ ಹೇಳಿದ್ದು: "ವಾಸನೆ ಬರುತ್ತೆ ಅಂದ್ರೆ ಒಗ್ಗರಣೆ ವಾಸನೆ ಸೇರ್ಸು, ಸರಿಹೋಗುತ್ತೆ." ಅದೇ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಇಂಗು. ಸಣ್ಣ ಅಚ್ಚುಗಳಲ್ಲಿ ಹಾಕಿ ಬೇಯಿಸಿದೆ. ಖಾರ ಬನ್ನಿನಲ್ಲಿ ಉದ್ದಿನ ವಾಸನೆ ತಪ್ಪಲ್ಲ, ರುಚಿ. ಪುಟ್ಟಿ ಮೂರು ತಿಂದಳು.

ರಾತ್ರಿ ಹೊಟ್ಟೆನೋವು. ಎರಡು ದಿನ ಭೇದಿ.

ಏನು ತಪ್ಪಾಯಿತು ಅಂತ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಒಂದೊಂದರ ಲೇಬಲ್ ಓದಿದೆ. ಇಂಗು! ನಾವು ಕೊಳ್ಳುವ ಇಂಗು ಪೂರ್ತಿ ಇಂಗಲ್ಲ. ಗೋಂದು, ಹಿಟ್ಟು ಸೇರಿಸಿ ಮಾಡಿರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿಯದೇ. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದೇ ಇತ್ತು. ಮಾರ್ಚ್‌ನಿಂದ ಸಾರಿಗೂ ಅದನ್ನೇ ಹಾಕುತ್ತಿದ್ದೆವು ಅಂತ ನೆನೆದು ಆವತ್ತು ಊಟ ಸೇರಲಿಲ್ಲ. ಈಗ ಅಕ್ಕಿ ಹಿಟ್ಟು ಬೆರೆಸಿದ ಇಂಗು ತರುತ್ತೇವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇದ್ದರೆ ಇದನ್ನು ಓದಿದ ಕೂಡಲೇ ಎದ್ದು ಹೋಗಿ ಇಂಗಿನ ಡಬ್ಬಿ ನೋಡಿ.

ಸದ್ಯದ ಅಳತೆ, ಹನ್ನೆರಡು ಬನ್ನಿಗೆ: ಅಕ್ಕಿ ಹಿಟ್ಟು 180 ಗ್ರಾಂ (ಇದರಲ್ಲೇ 60 ಉಕ್ಕರಿಸಲು), ಜೋಳದ ಹಿಟ್ಟು 80, ಮರಗೆಣಸಿನ ಪಿಷ್ಟ 100, ಉದ್ದಿನಬೇಳೆ 40, ಇಸಬ್ಗೋಲ್ 18, ಈಸ್ಟ್ 6, ಉಪ್ಪು 8, ಸಕ್ಕರೆ 12, ಎಣ್ಣೆ 25, ನೀರು ಎಲ್ಲ ಸೇರಿ 420 ಮಿಲಿ. ಹದ ವಡೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಕೈ ಒದ್ದೆ ಮಾಡಿಕೊಂಡು ಅಚ್ಚಿಗೆ ಹಾಕಬೇಕು. ಒಂದೇ ಸಲ ಉಬ್ಬಿಸುವುದು, ಮೈದಾದ ಹಾಗೆ ನಾದಿ ಇಳಿಸಿ ಮತ್ತೆ ಉಬ್ಬಿಸಿದರೆ ಏಳುವುದಿಲ್ಲ. 200 ಡಿಗ್ರಿಯಲ್ಲಿ ಅರ್ಧ ಗಂಟೆ. ಪೂರ್ತಿ ಆರುವ ಮೊದಲು ಕೊಯ್ದರೆ ಚಾಕುವಿಗೆ ಅಂಟುತ್ತದೆ. ಉಳಿದಿದ್ದನ್ನು ಫ್ರಿಡ್ಜ್‌ನಲ್ಲಿ ಇಡಬೇಡಿ, ಬೇಗ ಗಡುಸಾಗುತ್ತದೆ. ಫ್ರೀಜರ್‌ಗೆ ಹಾಕಿ.

ಅಕ್ಟೋಬರ್

ಭಾವ ತಿಂದು ನೋಡಿ, "ಇದನ್ನ ಅಂಗಡೀಲಿ ಇಡೋಣಮ್ಮ" ಅಂದರು. ನನಗೆ ಹೆದರಿಕೆ. ಬೇಕರಿಯಲ್ಲಿ ಮೈದಾ ಇಲ್ಲದ ಜಾಗ ತೋರಿಸಿ ನೋಡೋಣ. ಫ್ಯಾನಿನ ರೆಕ್ಕೆ ಮೇಲೆ, ಬಲ್ಬಿನ ಮೇಲೆ, ಮೇಸ್ತ್ರಿಯ ಹುಬ್ಬಿನ ಮೇಲೆ ಎಲ್ಲ ಮೈದಾ. ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ದಾಟಬಾರದು, ನಮ್ಮ ದೇಶದ ನಿಯಮವೂ ಅದೇ. ಮೈದಾದಲ್ಲಿ ಹತ್ತನೇ ಒಂದು ಭಾಗ ಗ್ಲುಟೆನ್ ಅಂತ ಹಿಡಿದರೂ, ಒಂದು ಕೆಜಿ ಬನ್ನಿಗೆ 0.2 ಗ್ರಾಂ ಮೈದಾ ಬಿದ್ದರೆ ಕಥೆ ಮುಗಿಯಿತು. ಚಿಟಿಕೆಯೂ ಅಲ್ಲ ಅದು.

ಮಂಗಳವಾರ ಅಂಗಡಿ ರಜೆ. ಸೋಮವಾರ ರಾತ್ರಿ ತೊಳೆದು, ಫ್ಯಾನ್ ಆರಿಸಿ, ಬಾಗಿಲು ಹಾಕುವುದು. ಗಾಳಿಯಲ್ಲಿದ್ದ ಧೂಳು ರಾತ್ರಿಯೆಲ್ಲ ಕೂರುತ್ತದೆ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಗುಡಿಸುವಂತಿಲ್ಲ. ದೊಡ್ಡ ಮಿಕ್ಸರ್ ಮುಟ್ಟುವುದಿಲ್ಲ, ಅದರ ತಿರುಗುವ ಕಂಬದ ಸಂದಿಯಲ್ಲಿ ವರ್ಷಗಳ ಹಿಟ್ಟಿದೆ. ಹಿಟ್ಟು ಮನೆಯಲ್ಲೇ ಕಲಸಿ ತರುತ್ತೇನೆ. ಹೊಸ ಅಚ್ಚು, ಹೊಸ ಟ್ರೇ, ಎಲ್ಲದಕ್ಕೂ ಹಸಿರು ಬಣ್ಣದ ಗುರುತು. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು ಬರಬೇಕು. "ಮದುವೆಗೆ ಬಂದಂಗಾಯ್ತು ಅಕ್ಕಾ" ಅಂತ ನಕ್ಕರು.

ಬೆಂಗಳೂರಿನ ಒಂದು ಲ್ಯಾಬಿಗೆ ಬನ್ನು ಕಳಿಸಿದೆವು. ಫಲಿತಾಂಶ 46. ಇಷ್ಟೆಲ್ಲ ಮಾಡಿಯೂ!

ಮೂರು ದಿನ ಯೋಚನೆ ಮಾಡಿದೆ. ಮನೆಯಲ್ಲಿ ಕಲಸಿದ್ದು, ಅಚ್ಚು ಹೊಸದು. ಆಮೇಲೆ ಮೇಸ್ತ್ರಿಯೇ ಕಂಡುಹಿಡಿದರು. ಆವತ್ತು ಮನೆಯಲ್ಲಿ ಸಕ್ಕರೆ ಮುಗಿದಿತ್ತು, ಬೇಕರಿಯ ಡ್ರಮ್ಮಿನಿಂದ ತಂದಿದ್ದೆ. ಆ ಡ್ರಮ್ಮಿಗೂ ಮೈದಾ ಡ್ರಮ್ಮಿಗೂ ಅಲ್ಲಿ ಒಂದೇ ಸೌಟು.

ನವೆಂಬರ್

ಎರಡನೇ ಪರೀಕ್ಷೆ: 20ಕ್ಕಿಂತ ಕಡಿಮೆ. ಲ್ಯಾಬಿನ ಕಾಗದವನ್ನು ಭಾವ ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಫೋಟೋ ಪಕ್ಕ ಅಂಟಿಸಿದ್ದಾರೆ. ಪ್ರತಿ ಸಾರಿಯೂ ಪರೀಕ್ಷೆ ಮಾಡಿಸುವಷ್ಟು ದುಡ್ಡಿಲ್ಲ. ಹಾಗಾಗಿ ಪ್ಯಾಕೆಟ್ ಮೇಲೆ "ಗ್ಲುಟೆನ್ ಇಲ್ಲ" ಅಂತ ಇನ್ನೂ ಅಚ್ಚು ಹಾಕಿಸಿಲ್ಲ. ಕೇಳಿದವರಿಗೆ ಹೇಗೆ ಮಾಡುತ್ತೇವೆ ಅಂತ ಪೂರ್ತಿ ಹೇಳಿ ಕೊಡುತ್ತೇವೆ. ಮಂಗಳವಾರ ಬೆಳಿಗ್ಗೆ ಮಾಡುವುದು, ಆವತ್ತೇ ಸಂಜೆ ಮನೆ ಬಾಗಿಲಲ್ಲಿ ಕೊಡುವುದು. ಬೇಕರಿ ಕೌಂಟರಿನಲ್ಲಿ ಇಡುವುದಿಲ್ಲ, ಅಲ್ಲಿ ದಿಲ್‌ಪಸಂದ್ ಕೊಯ್ದ ಕೈಯೇ ಇದನ್ನೂ ಮುಟ್ಟುತ್ತದೆ.

ಮೊದಲ ವಾರ 24 ಬನ್ನು ಮಾಡಿ 9 ಮಾರಿದೆವು. ಉಳಿದಿದ್ದು ಫ್ರೀಜರ್‌ಗೆ. ದಕ್ಷಿಣದಲ್ಲಿ ಈ ಕಾಯಿಲೆ ಸಾವಿರಕ್ಕೆ ಒಬ್ಬರಿಗೆ ಅಂತ ಓದಿದ್ದೆ, ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ಜಾಸ್ತಿ. ಹಾಸನದಲ್ಲಿ ಗಿರಾಕಿ ಎಲ್ಲಿಂದ ಬರಬೇಕು ಅಂತ ನಾನೂ ಭಾವನೂ ಲೆಕ್ಕ ಹಾಕುತ್ತಾ ಕೂತಿದ್ದೆವು. ಎರಡನೇ ವಾರ ಇಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಬಂದ. ಪಂಜಾಬಿನವನು. ಎರಡು ವರ್ಷದಿಂದ ಹಾಸ್ಟೆಲ್‌ನಲ್ಲಿ ಅನ್ನ, ಮೊಸರು, ಬಾಳೆಹಣ್ಣಿನಲ್ಲೇ ಇದ್ದಾನಂತೆ. ಬಾಗಿಲಲ್ಲೇ ನಿಂತು ನಾಲ್ಕು ಬನ್ನು ತಿಂದ. ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಐದನೆಯದು ಕೇಳಿದ. ಈಗ ಪ್ರತಿ ಮಂಗಳವಾರ ಅವನಿಗೇ ಒಂದು ಡಜನ್, ಮೆಣಸಿನಕಾಯಿ ಅರ್ಧ.

ನಿನ್ನೆ ಪುಟ್ಟಿ ಕೇಳಿದಳು, "ದಿಲ್‌ಪಸಂದ್ ಯಾವಾಗ?" ಅದು ಬನ್ನಿನ ಹಾಗಲ್ಲ, ಮೇಲೆ ಕೆಳಗೆ ಎರಡು ಪದರ, ಮಧ್ಯೆ ಹೂರಣ. ಪದರ ಲಟ್ಟಿಸಿ ಎತ್ತುವಾಗ ಎರಡು ಸಲ ಹರಿದಿದೆ. ಈ ಸಲ ಪೂರ್ತಿ ಹಿಟ್ಟನ್ನೇ ಉಕ್ಕರಿಸಿ ನೋಡುತ್ತೇನೆ. ಕೊಬ್ಬರಿ ತುರಿದಿಟ್ಟಾಗಿದೆ. ಟೂಟಿ ಫ್ರೂಟಿ ಡಬ್ಬಿಯ ಲೇಬಲ್ಲೂ ಓದಿಯಾಗಿದೆ.