ಎಚ್ಚರವಾದರೂ ಅಲುಗದ ಮೈ

ನಿನ್ನೆ ನಸುಕಿನಲ್ಲಿ ಮತ್ತೆ ಸ್ಲೀಪ್ ಪ್ಯಾರಾಲಿಸಿಸ್ ಕಾಡಿತು. ಕಣ್ಣು ತೆರೆದಿತ್ತು, ಬಾಗಿಲ ಸಂದಿಯ ಬೆಳಕೂ ಕಾಣುತ್ತಿತ್ತು, ಆದರೆ ಕೈಯೆತ್ತಲು ಆಗಲಿಲ್ಲ, ಎದೆಯ ಮೇಲೆ ಯಾರೋ ಕುಳಿತಂತಿತ್ತು. ಕನಸುಗಳು ದಟ್ಟವಾಗಿ ಬೀಳುವ ಆರ್‌ಇಎಂ ನಿದ್ರೆಯಲ್ಲಿ ನಾವು ಕನಸಿನಂತೆಯೇ ಕೈಕಾಲು ಬೀಸಿ ಪೆಟ್ಟು ಮಾಡಿಕೊಳ್ಳದ ಹಾಗೆ ಮಿದುಳು ಸ್ನಾಯುಗಳನ್ನು ಸಡಿಲಗೊಳಿಸಿರುತ್ತದೆ. ಆ ಸ್ಥಿತಿ ಮುಗಿಯುವ ಮೊದಲೇ ಪ್ರಜ್ಞೆ ಮರಳಿದಾಗ ಹೀಗಾಗುತ್ತದೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಆಗಲೂ ಕೆಲಸ ಮಾಡುತ್ತಲೇ ಇರುವುದರಿಂದ ಉಸಿರು ನಿಲ್ಲುವುದಿಲ್ಲ, ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ, ಎಲ್ಲವೂ ತಾನಾಗಿ ಸರಿಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದರೂ ಆ ಹೊತ್ತಿನಲ್ಲಿ ಜೀವ ಬಾಯಿಗೆ ಬಂದಂತಾಗುವುದು ಮಾತ್ರ ತಪ್ಪುವುದಿಲ್ಲ. ಇಡೀ ಮೈಯನ್ನು ಎಬ್ಬಿಸಲು ಹೆಣಗಾಡುವ ಬದಲು, ನಿಧಾನವಾಗಿ ಉಸಿರಾಡುತ್ತ ಕಾಲಿನ ಹೆಬ್ಬೆರಳನ್ನೋ ನಾಲಿಗೆಯನ್ನೋ ಅಲುಗಿಸಲು ಪ್ರಯತ್ನಿಸುವುದು ನನಗೆ ಹೆಚ್ಚು ಒಗ್ಗಿದೆ. ಪದೇ ಪದೇ ಮರುಕಳಿಸಿದರೆ, ಅಥವಾ ಹಗಲಿನಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ, ನಾರ್ಕೊಲೆಪ್ಸಿಯಂತಹ ನಿದ್ರಾರೋಗ ಕಾರಣವಾಗಿರಬಹುದಾದ್ದರಿಂದ ವೈದ್ಯರನ್ನು ಕಾಣಬೇಕು. ನನ್ನ ವಿಷಯದಲ್ಲಿ ನಿದ್ದೆಗೇಡು, ಹೊತ್ತುಗೊತ್ತಿಲ್ಲದ ಮಲಗುವಿಕೆ ಮತ್ತು ಅಂಗಾತ ಮಲಗುವ ಅಭ್ಯಾಸ ಈ ಮೂರೂ ಸೇರಿಕೊಂಡಿದ್ದವು. ಆದುದರಿಂದ ಈಗ ಮಗ್ಗುಲಾಗಿ ಮಲಗುತ್ತಿದ್ದೇನೆ, ರಜೆಯ ದಿನವೂ ಎಂದಿನ ಹೊತ್ತಿಗೇ ಏಳುತ್ತಿದ್ದೇನೆ.