ಚುಕ್ಕಿ ನಕ್ಷತ್ರದ ಜೊತೆ ಸಾಗಲಿಲ್ಲ, ಮಾರ್ಕು ಹೋಯಿತು

"ಡಿಸ್ಕವರಿ ಏನೂ ಇಲ್ಲವಲ್ಲ?" ಪ್ರಾಜೆಕ್ಟಿನ ವೈವಾದಲ್ಲಿ ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಕೇಳಿದ ಈ ಮಾತು ನನಗೆ ಇನ್ನೂ ಜೀರ್ಣವಾಗಿಲ್ಲ. ಮಾರ್ಕು ಹೋದದ್ದು ಪೆರ್ಲದಿಂದ ಬಸ್ಸಿನಲ್ಲಿ ಬರುವ ಎಂ.ಎಸ್ಸಿ. ಹುಡುಗಿಯದ್ದು.

ಕಾಸರಗೋಡಿನಲ್ಲಿ ಕೂತು ಪಾಠ ಮಾಡುವ ನಮಗೆ ದೊಡ್ಡ ದೂರದರ್ಶಕ ಎಲ್ಲಿಂದ ಬರಬೇಕು? ಬೇರೆಯವರು ತೆಗೆದ ಚಿತ್ರಗಳ ಆರ್ಕೈವೇ ಗತಿ. ಚಿಲಿಯ ದೊಡ್ಡ ದೂರದರ್ಶಕ ವಿಎಲ್‌ಟಿಯ ಚಿತ್ರಗಳು ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಎಲ್ಲರಿಗೂ ಸಿಗುತ್ತವೆ. ಎಳೆಯ ನಕ್ಷತ್ರದ ಪಕ್ಕ ಕಂದು ಕುಬ್ಜ ಹುಡುಕುವುದು ಅವಳ ಪ್ರಾಜೆಕ್ಟು. ಗುರುಗ್ರಹದ ಸುಮಾರು 13ರಿಂದ 75 ಪಟ್ಟು ತೂಕದ ಇವು ಹೈಡ್ರೋಜನ್ ಉರಿಸುತ್ತಾ ಹೋಗಲಾರವು, ತಣಿಯುತ್ತಲೇ ಹೋಗುತ್ತವೆ. ಎಳೆಯದಿದ್ದಾಗ ಮಾತ್ರ ಇನ್‌ಫ್ರಾರೆಡ್‌ನಲ್ಲಿ ಜಾಸ್ತಿ ಹೊಳೆಯುತ್ತವೆ. ಎಡಿಐ ಎಂಬ ವಿಧಾನದಿಂದ ಸ್ಪೆಕಲ್, ಅಂದರೆ ನಕ್ಷತ್ರದ ಬೆಳಕು ಚೆದುರಿ ಮೂಡುವ ಸುಳ್ಳು ಚುಕ್ಕಿಗಳನ್ನು ಕಳೆದಾಗ ಒಂದು ಚುಕ್ಕಿ ಉಳಿಯಿತು. ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್) ಚೆನ್ನಾಗಿತ್ತು. ವಿಭಾಗದಲ್ಲಿ ಆಗಲೇ ಪೋಸ್ಟರ್ ಮಾತು ಶುರು.

ನಾನು ಬೇಡ ಅಂದೆ. ಗ್ಲೀಸೆ 229ಬಿ ಎಂಬ ಕಂದು ಕುಬ್ಜ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ಕಂಡದ್ದು 1994ರಲ್ಲಿ. ಅದು ನಕ್ಷತ್ರದ ಜೊತೆಗೇ ಸಾಗುತ್ತಿದೆಯೇ ಎಂದು ನೋಡಲು ಕಾದರು, 1995ರಲ್ಲಿ ಪ್ರಕಟಿಸಿದರು. 2016ರಲ್ಲಿ ಗ್ರಹ ಎಂದು ಸುದ್ದಿಯಾದ ಎಚ್‌ಡಿ 131399ಎಬಿ, ಮರುವರ್ಷ ಹಿನ್ನೆಲೆಯ ನಕ್ಷತ್ರ ಎಂದಾಯಿತು.

ಎರಡನೇ ಎಪಾಕ್, ಅಂದರೆ ಬೇರೆ ಕಾಲದಲ್ಲಿ ತೆಗೆದ ಚಿತ್ರ ಸಿಕ್ಕಿತು. ಜೊತೆಗಾರನಾದರೆ ನಕ್ಷತ್ರಕ್ಕೆ ಹೋಲಿಸಿದಾಗ ಚುಕ್ಕಿ ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ದೂರದ ನಕ್ಷತ್ರವಾದರೆ ನಮ್ಮ ನಕ್ಷತ್ರ ಸಾಗುವುದಕ್ಕೆ ಎದುರು ದಿಕ್ಕಿಗೆ ಜಾರಿದಂತೆ ಕಾಣಬೇಕು. ಗಾಯಾ ಬಾಹ್ಯಾಕಾಶ ದೂರದರ್ಶಕ ಅಳೆದ ಪ್ರಾಪರ್ ಮೋಶನ್ (ಆಕಾಶದಲ್ಲಿ ನಕ್ಷತ್ರ ಸರಿಯುವ ವೇಗ), ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವುದರಿಂದ ಕಾಣುವ ಓಲಾಟ) ಹಾಕಿ, ಹಿನ್ನೆಲೆಯ ನಕ್ಷತ್ರವಾದರೆ ಚುಕ್ಕಿ ಸಾಗಬೇಕಾದ ದಾರಿಗೆ ಅವಳು ಗೆರೆ ಎಳೆದಳು. ಪ್ಲಾಟ್ ಬರುವವರೆಗೆ ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ. ಬಿಂದು ಹಿನ್ನೆಲೆಯ ಗೆರೆಯ ಮೇಲೇ ಬಿತ್ತು.

"ಸರ್, ಟ್ರೂ ನಾರ್ತ್ ತಪ್ಪಿರಬಹುದಾ?" ಚಿತ್ರದಲ್ಲಿ ಉತ್ತರ ಎಂದು ಹಿಡಿದ ದಿಕ್ಕಿನ ಬಗ್ಗೆ ಅವಳ ಅನುಮಾನ.

ಇರಬಹುದು, ನೋಡು ಅಂದೆ. ಕ್ಯಾಲಿಬ್ರೇಶನ್ ಮತ್ತೆ ಮಾಡಿದಳು. ಪ್ಲೇಟ್ ಸ್ಕೇಲ್ (ಚಿತ್ರದ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಕೋನ ಎಂಬುದು) ನೋಡಿದಳು. ಎರರ್ ಬಾರ್ ಸ್ವಲ್ಪ ದೊಡ್ಡದಾಯಿತು, ಬಿಂದು ಕದಲಲಿಲ್ಲ. ಮುಖ ಸಪ್ಪಗಾಗಿತ್ತು. ಆದರೂ ರಿಪೋರ್ಟಿನಲ್ಲಿ ಹಿನ್ನೆಲೆಯ ನಕ್ಷತ್ರ ಎಂದೇ ಬರೆದಳು.

ಆ ನಕ್ಷತ್ರದಿಂದ ಎಷ್ಟು ದೂರದವರೆಗೆ, ಎಷ್ಟು ತೂಕದ ಜೊತೆಗಾರ ಇದ್ದಿದ್ದರೆ ಕಾಣುತ್ತಿತ್ತು ಎಂಬ ಕಾಂಟ್ರಾಸ್ಟ್ ಕರ್ವ್ ಕೂಡ ಕೊಟ್ಟಿದ್ದಳು. ಇಂಥ ಜೊತೆಗಾರರು ಎಷ್ಟು ಅಪರೂಪ ಎಂದು ಸರ್ವೇಗಳು ಲೆಕ್ಕ ಹಾಕುವುದು ಇದರಿಂದಲೇ ಅಲ್ವಾ? ಎಕ್ಸ್‌ಟರ್ನಲ್ ಆ ಪುಟ ತಿರುವಲೇ ಇಲ್ಲ. ಮಾರ್ಕು ಹಾಕುವ ಫಾರಂನಲ್ಲಿ 'ಹೊಸ ಫಲಿತಾಂಶ'ಕ್ಕೆ ಕಾಲಂ ಇದೆ, ಪರಿಶೀಲನೆಗೆ ಇಲ್ಲ.

ಈಗ ಎರಡು ಎಪಾಕ್ ಆರ್ಕೈವ್‌ನಲ್ಲಿ ಇರುವ ನಕ್ಷತ್ರಗಳನ್ನಷ್ಟೇ ಕೊಡುತ್ತೇನೆ. 'ಜೊತೆಗಾರನೋ ಹಿನ್ನೆಲೆಯೋ ತೀರ್ಮಾನಿಸುವುದು' ಎಂದು ಸಿನಾಪ್ಸಿಸ್‌ನಲ್ಲೇ ಬರೆಸಿ, ವಿಭಾಗದ ಸಹಿ ಹಾಕಿಸುತ್ತೇನೆ. ಫಾರಂ ಬದಲಿಸಿ ಎಂದು ಕೊಟ್ಟ ಪತ್ರಕ್ಕೆ ಉತ್ತರ ಬಂದಿಲ್ಲ. ಇನ್ನೊಂದು ಕೊಡುತ್ತೇನೆ, ಈ ಸಲ ಅವಳ ಪ್ಲಾಟ್ ಲಗತ್ತಿಸಿ.